ಅಜ್ಜಿಯ ಮಾತನ್ನು ಅಜ್ಜಿಯ ಮಾತಾಗಿಯೇ ಉಳಿಸಿಕೊಳ್ಳುವುದು: ಹೆಣ್ಣಿನ ಮರ್ಯಾದೆಯ ಬಗ್ಗೆ ಮನೆಯ ಹಿರಿಯರನ್ನು ಕೇಳಿ, ದಾಖಲಿಸುವ ಬಗೆ

‘ಮಹಿಳಾ ಸಮಾನತೆ ಬಗ್ಗೆ ನಿನ್ನ ಅಭಿಪ್ರಾಯ ಏನಜ್ಜಿ?’ ಎಂದು ಕೇಳಿ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಎಂಬತ್ತು ದಾಟಿದ ಅಜ್ಜಿಯರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಎಂಥ ಸಮಾನತೆ ಮಾರಾಯ್ತಿ, ನಮ್ಗದೆಲ್ಲ ಎಂಥ ಗೊತ್ತು.’ ಅಲ್ಲಿಗೆ ಮಾತು ಮುಗಿಯಿತು. ಅದು ವೇದಿಕೆಯ ಭಾಷಣದ ಪ್ರಶ್ನೆ, ಅಡುಗೆಮನೆಯಲ್ಲಿ ಅದಕ್ಕೆ ಉತ್ತರ ಹುಟ್ಟುವುದಿಲ್ಲ. ಯಾರು ಮೊದಲು ಉಂಡರು, ದುಡ್ಡು ಯಾರ ಕೈಲಿತ್ತು, ಯಾರನ್ನು ಏಕವಚನದಲ್ಲಿ ಕರೆದರು, ಯಾವ ಕಾಗದಕ್ಕೆ ಯಾರು ಸಹಿ ಹಾಕಿದರು ಎಂದು ಕೇಳಿದರೆ ಅಜ್ಜಿಯ ಅಭಿಪ್ರಾಯ ತಾನಾಗಿ ಹೊರಗೆ ಬರುತ್ತದೆ. ಬಂದದ್ದನ್ನು ಇಂದಿನ ರುಚಿಗೆ ತಿದ್ದದೆ ಇಟ್ಟುಕೊಳ್ಳುವುದು ಮುಂದಿನ ಕೆಲಸ, ಮತ್ತು ಹೆಚ್ಚಿನವರು ಎಡವುವುದು ಅಲ್ಲಿಯೇ.

ಯಾವಾಗ, ಎಲ್ಲಿ ಕೂರಬೇಕು

ಮಳೆಗಾಲ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹೆಂಚಿನ ಮಾಡಿನ ಕೆಳಗೇ ಮಾತು ಸರಿಯಾಗಿ ಕೇಳುವುದಿಲ್ಲ, ತಗಡಿನ ಶೀಟಿನ ಕೆಳಗಂತೂ ರೆಕಾರ್ಡಿಂಗ್ ಮಾಡಿ ಪ್ರಯೋಜನವೇ ಇಲ್ಲ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಅನುಕೂಲ. ಮಧ್ಯಾಹ್ನದ ಊಟವಾಗಿ, ಅಜ್ಜಿ ಒಂದು ನಿದ್ದೆ ತೆಗೆದು ಎದ್ದ ಮೇಲೆ, ಸಂಜೆಯ ಕಾಫಿಗೆ ಮುಂಚೆ ಕೂರಿ. ಮುಸ್ಸಂಜೆಯಾದರೆ ಜೀರುಂಡೆಯ ಸದ್ದು ಮಾತಿನ ಮೇಲೆಯೇ ಕೂರುತ್ತದೆ.

ಜಗಲಿಯಲ್ಲಿ ಕೂರಬೇಡಿ. ಮಲೆನಾಡಿನ ಮನೆಯಲ್ಲಿ ಜಗಲಿ ಗಂಡಸರ ಜಾಗ. ಅಲ್ಲಿ ಅಜ್ಜಿಯ ದನಿ ತಗ್ಗುತ್ತದೆ, ಮಾತು ನಯವಾಗುತ್ತದೆ, ಯಾರಾದರೂ ಹಾದು ಹೋದರೆ ‘ಎಲ್ಲ ಚೆನ್ನಾಗೇ ನೋಡ್ಕಂಡ್ರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಳಗಿನ ಕೋಣೆ ಒಳ್ಳೆಯದು. ಹಾಸಿಗೆ, ಕಂಬಳಿ, ನೇತುಹಾಕಿದ ಸೀರೆಗಳಿದ್ದರೆ ಇನ್ನೂ ಒಳ್ಳೆಯದು, ಬಟ್ಟೆ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಯುಪಿಎಸ್ ಇರುವ ಗೋಡೆಯಿಂದ ದೂರ ಕೂರಿ.

ಕೈಗೆ ಕೆಲಸವಿದ್ದರೆ ಮಾತು ಬಿಚ್ಚಿಕೊಳ್ಳುತ್ತದೆ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಹುಣಸೆ ಬೀಜ ತೆಗೆಯುವುದು ಸದ್ದಿಲ್ಲದ ಕೆಲಸಗಳು. ಅಡಿಕೆ ಸುಲಿಯುವ ರಾತ್ರಿಗಳು ಮಾತಿಗೆ ಹೇಳಿ ಮಾಡಿಸಿದ ಹೊತ್ತು. ಆದರೆ ಮೆಟ್ಟುಗತ್ತಿಯ ಕಟ್‌ಕಟ್ ಸದ್ದು ಫೋನಿಗೆ ಮಾತಿಗಿಂತ ದೊಡ್ಡದಾಗಿ ಕೇಳುತ್ತದೆ. ಅಂಥ ಕಡೆ ರೆಕಾರ್ಡ್ ಮಾಡುವ ಬದಲು ಕೇಳಿಸಿಕೊಂಡು, ಅಂದೇ ಮಲಗುವ ಮುಂಚೆ ನಾಲ್ಕು ಸಾಲು ಬರೆದಿಟ್ಟು, ಮಾರನೆಯ ದಿನ ಕೋಣೆಯಲ್ಲಿ ಅದೇ ಮಾತನ್ನು ಮತ್ತೆ ಎತ್ತಿ.

ಒಂದು ಸಲಕ್ಕೆ ನಲವತ್ತೈದು ನಿಮಿಷ ಸಾಕು. ಅಜ್ಜಿಗೆ ಸುಸ್ತಾದರೆ ಉತ್ತರ ಚಿಕ್ಕದಾಗುತ್ತದೆ, ನೀವು ಒತ್ತಿದರೆ ನಿಮಗೆ ಬೇಕಾದದ್ದನ್ನೇ ಹೇಳಿಬಿಡುತ್ತಾರೆ. ಎಲೆಅಡಿಕೆ ಹಾಕುವ ಅಜ್ಜಿಯಾದರೆ ಕವಳ ಉಗಿದು ಬಾಯಿ ಮುಕ್ಕಳಿಸಿದ ಮೇಲೆ ಶುರು ಮಾಡಿ. ಹಲ್ಲಿನ ಸೆಟ್ ಇದ್ದರೆ ಹಾಕಿಕೊಂಡಿರಲಿ. ಕಿವಿ ಮಂದವಾಗಿದ್ದರೆ ಕೂಗಬೇಡಿ, ಎದುರು ಕೂತು ತಗ್ಗಿದ ದನಿಯಲ್ಲಿ ನಿಧಾನವಾಗಿ ಕೇಳಿ.

ಫೋನ್ ಇಡುವ ಕ್ರಮ

ಮಾಮೂಲಿ ಸ್ಮಾರ್ಟ್‌ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಒಂದು ಕರೆ ಬಂದು ಇಡೀ ರೆಕಾರ್ಡಿಂಗ್ ನಿಲ್ಲಬಹುದು. ಮಡಿಚಿದ ಟವೆಲ್ ಮೇಲೆ, ಅಜ್ಜಿಯ ಬಾಯಿಂದ ಒಂದರಿಂದ ಒಂದೂವರೆ ಗೇಣು ದೂರದಲ್ಲಿ, ಮೈಕ್ ಇರುವ ತುದಿ ಅವರ ಕಡೆಗೆ ಮಾಡಿ ಇಡಿ. ಬರಿಯ ಮರದ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಾಗುತ್ತದೆ. ಕಾಲರ್ ಮೈಕ್ ಇದ್ದರೆ ಸೆರಗಿಗೆ ಸಿಕ್ಕಿಸಬೇಡಿ, ಸೆರಗು ಸರಿದಾಗಲೆಲ್ಲ ಕರಕರ ಎನ್ನುತ್ತದೆ. ರವಿಕೆಯ ಅಂಚಿಗೆ, ಕರಿಮಣಿ ಸರ ತಾಗದ ಕಡೆ ಸಿಕ್ಕಿಸಿ.

ಅರ್ಧ ನಿಮಿಷ ಪರೀಕ್ಷೆಗೆ ರೆಕಾರ್ಡ್ ಮಾಡಿ ಇಯರ್‌ಫೋನ್ ಹಾಕಿ ಕೇಳಿ. ಡಬ್ಲ್ಯುಎವಿ ಮಾದರಿಯಲ್ಲಿ, 16 ಬಿಟ್, 44.1 ಕಿಲೋಹರ್ಟ್ಸ್, ಮೋನೋದಲ್ಲಿ ಒಂದು ಗಂಟೆಗೆ ಸುಮಾರು 318 ಎಂಬಿ ಜಾಗ ಬೇಕು. ಎಂ4ಎ 128 ಕೆಬಿಪಿಎಸ್‌ನಲ್ಲಾದರೆ ಸುಮಾರು 58 ಎಂಬಿ. ಜಾಗವಿದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದೂ ಅಡ್ಡಿಯಿಲ್ಲ. ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜ್ ಆಗಿ ಮಾತ್ರ ರೆಕಾರ್ಡ್ ಮಾಡಬೇಡಿ, ಅದು ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಕಳಿಸಲೇಬೇಕಾದರೆ ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರತಿ ರೆಕಾರ್ಡಿಂಗ್ ಶುರುವಿಗೆ ದಿನ, ಊರು, ಕೂತವರು ಯಾರು ಎಂದು ನೀವೇ ಹೇಳಿ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ, ಆಗ ತಾವಾಗಿ ಸಾಲಾಗಿ ಕೂರುತ್ತವೆ. ಮೂರು ಪ್ರತಿ ಮಾಡಿ: ಫೋನಿನಲ್ಲೊಂದು, ಹಾರ್ಡ್‌ಡಿಸ್ಕ್‌ನಲ್ಲೊಂದು, ಮೂರನೆಯದು ಮನೆಯಿಂದ ಹೊರಗೆ, ಕ್ಲೌಡ್‌ನಲ್ಲೋ ಬೇರೆ ಊರಿನ ನೆಂಟರ ಮನೆಯಲ್ಲೋ.

ಕೇಳುವುದು ಏನು

ಊಟದಿಂದ ಶುರು ಮಾಡಿ. ನೀನು ಮದುವೆಯಾಗಿ ಬಂದಾಗ ಮನೆಯಲ್ಲಿ ಎಷ್ಟು ಜನ? ಮೊದಲ ಪಂಕ್ತಿಗೆ ಯಾರು ಕೂರುತ್ತಿದ್ದರು? ನಿನ್ನ ಊಟ ಎಷ್ಟು ಗಂಟೆಗೆ? ಆಗ ಪಾತ್ರೆಯಲ್ಲಿ ಎಂಥ ಉಳಿದಿರುತ್ತಿತ್ತು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ‘ಎಲ್ರೂ ಉಂಡ್ಮೇಲೆ ಉಣ್ತಿದ್ವಿ’ ಎಂಬುದು ಪದ್ಧತಿಯ ವಿವರಣೆ. ‘ತುಪ್ಪ ನಮ್ಮ ಪಂಕ್ತಿಗೆ ಬರ್ತಿರ್ಲಿಲ್ಲ’ ಎಂದರೆ ಅಭಿಪ್ರಾಯ ಶುರುವಾಯಿತು ಅಂತ ಲೆಕ್ಕ.

ಆಮೇಲೆ ದುಡ್ಡು. ಅಡಿಕೆಯ ದುಡ್ಡು ಮಂಡಿಗೆ ಹೋದ ಗಂಡಸರ ಜೇಬಿನಲ್ಲಿ ಬರುತ್ತಿತ್ತು. ಹೆಂಗಸರ ಕೈಗೆ ಬರುತ್ತಿದ್ದದ್ದು ಹಾಲು-ತುಪ್ಪ, ಹಲಸಿನ ಹಪ್ಪಳ, ಹೂವು, ಕೋಳಿಮೊಟ್ಟೆಯ ದಾರಿಯಲ್ಲಿ. ಆ ದುಡ್ಡನ್ನು ಎಲ್ಲಿ ಇಡುತ್ತಿದ್ದೆ, ಯಾರಿಗೆ ಗೊತ್ತಿತ್ತು, ಮೊದಲ ಸಲ ನಿನ್ನದೇ ಇಷ್ಟಕ್ಕೆ ಖರ್ಚು ಮಾಡಿದ್ದು ಯಾತಕ್ಕೆ ಎಂದು ಕೇಳಿ. ಸಾಸಿವೆ ಡಬ್ಬಿಯ ಮಾತು ಬಂದರೆ ಅಜ್ಜಿ ನಗುತ್ತಾರೆ. ಆ ನಗುವಿನ ನಂತರ ಬರುವ ಮಾತು ಬಹಳ ಸಲ ಇಡೀ ರೆಕಾರ್ಡಿಂಗ್‌ನಲ್ಲೇ ಮೇಲಾದದ್ದು. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ನಲ್ಲೋ ಊರಿನ ಸೊಸೈಟಿಯಲ್ಲೋ ಷೇರು ಯಾರ ಹೆಸರಿನಲ್ಲಿತ್ತು, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ ಯಾರ ಬಳಿ ಇರುತ್ತಿತ್ತು ಎಂಬುದೂ ಇಲ್ಲಿಗೇ ಸೇರಿದ್ದು. ಇವತ್ತಿನಿಂದ ಹಿಂದಕ್ಕೆ ಹೋಗುವ ದಾರಿಯೂ ಇದೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ‘ಯಜಮಾನಿ’ಯ ಖಾತೆಗೆ ಎಂದು 2023ರಲ್ಲಿ ಶುರುವಾದಾಗ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಮಾತು ಎಷ್ಟೋ ಮನೆಯಲ್ಲಿ ಎದ್ದಿತು. ‘ನಿನ್ನ ಕಾಲದಲ್ಲಿ ಯಜಮಾನಿ ಅಂತ ಯಾರನ್ನ ಕರೀತಿದ್ರು?’ ಎಂದು ಅಲ್ಲಿಂದ ಹಿಡಿಯಿರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ ಮಾಡಿದ ಶಕ್ತಿ ಯೋಜನೆಯ ಪ್ರಶ್ನೆ ಎಲ್ಲ ಕಡೆ ನಡೆಯುವುದಿಲ್ಲ. ಊರಿಗೆ ಬರುವುದು ಖಾಸಗಿ ಬಸ್ಸೊಂದೇ ಆಗಿದ್ದರೆ, ತವರಿಗೆ ಹೋಗಲು ಬಸ್ ಚಾರ್ಜಿಗೆ ಯಾರನ್ನು ಕೇಳಬೇಕಿತ್ತು ಎನ್ನುವುದು ಅದಕ್ಕಿಂತ ಒಳ್ಳೆಯ ಪ್ರಶ್ನೆ.

ಮೂರನೆಯದು ಸಹಿ, ಅಥವಾ ಹೆಬ್ಬೆಟ್ಟು. ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ದಿನ ಮಲೆನಾಡಿನ ಬಹಳ ಹೆಂಗಸರ ನೆನಪಿನಲ್ಲಿ ಗಟ್ಟಿಯಾಗಿರುತ್ತದೆ. ಕಾಗದ ಓದಿ ಹೇಳಿದರೋ ಇಲ್ಲವೋ, ಜೊತೆಗೆ ಯಾರು ಬಂದಿದ್ದರು, ಬರುವಾಗ ಕೈಗೆ ಏನು ಕೊಟ್ಟು ಕಳಿಸಿದರು (ಸೀರೆಯೋ, ಕಾಯಿ-ಬಾಳೆಹಣ್ಣೋ) ಎಂದು ಕೇಳಿ. ‘ಆಸ್ತಿ ಯಾಕೆ ಬಿಟ್ಟೆ?’ ಎಂದು ಕೇಳಬೇಡಿ, ಅದು ಪಾಟೀ ಸವಾಲಾಗುತ್ತದೆ. ‘ಅಣ್ಣ-ತಮ್ಮರ ಹತ್ರ ಕೇಳಿದ್ರೆ ತವರಿನ ಬಾಗಿಲು ಮುಚ್ಚುತ್ತೆ’ ಎಂಬ ಲೆಕ್ಕಾಚಾರವನ್ನು ಅಜ್ಜಿ ತಾವಾಗಿ ಹೇಳಲಿ. ಘಟ್ಟದ ಕೆಳಗಿಂದ ಬಂದು ನೆಲೆಸಿದ, ಅಳಿಯಸಂತಾನದ ಹಿನ್ನೆಲೆಯ ಮನೆತನವಾದರೆ ಕತೆಯೇ ಬೇರೆ, ಅಲ್ಲಿ ತಾಯಿಯ ಕಡೆಯ ಆಸ್ತಿ ಹೇಗೆ ಇಳಿದು ಬಂತು ಎಂದು ಕೇಳಬೇಕು.

ಮದುವೆಯ ಮಾತಿನಲ್ಲಿ ‘ತೆರ’ದ (ವಧುದಕ್ಷಿಣೆಯ) ಪ್ರಶ್ನೆ ಮರೆಯಬೇಡಿ. ಹಿಂದೆ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಿದ್ದ ಸಮುದಾಯಗಳಲ್ಲೇ ಮುಂದಿನ ತಲೆಮಾರಿಗೆ ವರದಕ್ಷಿಣೆ ಬಂದದ್ದುಂಟು. ನಿನಗೆಷ್ಟು ತೆರ, ನಿನ್ನ ಮಗಳಿಗೆ ಎಂಥ ಕೊಟ್ಟಿರಿ ಎಂದು ಒಂದರ ಪಕ್ಕ ಒಂದು ಕೇಳಿದರೆ ಅರ್ಧ ಶತಮಾನದ ತಿರುವು ಎರಡು ಉತ್ತರದಲ್ಲಿ ಸಿಗುತ್ತದೆ.

ಕರೆಯುವ ಬಗೆಯನ್ನೂ ಕೇಳಿ. ಅಜ್ಜ ನಿನ್ನನ್ನು ಏನೆಂದು ಕರೆಯುತ್ತಿದ್ದರು? ಹೆಸರು ಹಿಡಿದೋ, ‘ಏಯ್’ ಎಂದೋ, ‘ಇವಳೇ’ ಎಂದೋ? ನೀನು ಅವರನ್ನು? ಮಕ್ಕಳೆದುರು ಬೈದದ್ದುಂಟೋ? ಮರ್ಯಾದೆಯ ವಿಷಯದಲ್ಲಿ ಅಜ್ಜಿಯರ ಅಳತೆ ಸಂವಿಧಾನದ್ದಲ್ಲ, ನಾಲ್ಕು ಜನರೆದುರು ಹೇಗೆ ಕರೆದರು ಎಂಬುದರದ್ದು. ನಿಮಗೂ ಇದೇ ಮಾತು ಅನ್ವಯ. ಮನೆಯಲ್ಲಿ ಅಜ್ಜಿಗೆ ‘ನೀನು’ ಎನ್ನುವವರು ರೆಕಾರ್ಡಿಂಗ್ ಎಂದು ‘ನೀವು’ ಮಾಡಿದರೆ ಅಜ್ಜಿ ಕೂಡಲೇ ಬಿಗಿಯುತ್ತಾರೆ.

ಮುಟ್ಟಿನ ಮೂರು ದಿನ, ಬಾಣಂತನ, ಕುಂಕುಮ-ಬಳೆ ತೆಗೆದ ದಿನ, ಇವನ್ನು ಹೆಣ್ಣುಮಕ್ಕಳು ಕೇಳುವುದು ವಾಸಿ, ಅದೂ ಎರಡು-ಮೂರು ಸಲ ಕೂತು ಪಳಗಿದ ಮೇಲೆ. ಹೊರಗೆ ಕೂತಾಗ ಎಲ್ಲಿ ಮಲಗುತ್ತಿದ್ದೆ, ಹಾಸಲು ಏನಿತ್ತು, ಊಟ ಯಾರು ತಂದು ಇಡುತ್ತಿದ್ದರು, ಹೊರಗಿನ ಕೆಲಸ ಯಾವುದು ತಪ್ಪುತ್ತಿರಲಿಲ್ಲ ಎಂದು ಕೇಳಿ. ‘ಅದೊಂದೇ ಮೂರ್ದಿನ ಬೆನ್ನು ನೆಲ ಕಾಣ್ತಿತ್ತು’ ಎಂಬಂಥ ಉತ್ತರ ಬಂದರೆ ತಿದ್ದಲು ಹೋಗಬೇಡಿ. ಆ ಪದ್ಧತಿಯನ್ನು ಅವರು ಸಮರ್ಥಿಸುತ್ತಿದ್ದಾರೋ, ಉಳಿದ ಇಪ್ಪತ್ತೇಳು ದಿನದ ಮೇಲೆ ದೂರು ಹೇಳುತ್ತಿದ್ದಾರೋ ಎಂದು ಓದುವವರು ತೀರ್ಮಾನಿಸಲಿ.

ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರದ್ದು. ನಾಟಿಗೆ ಗಂಡಾಳಿಗೆ ಎಷ್ಟು ಸೇರು ಭತ್ತ, ಹೆಣ್ಣಾಳಿಗೆ ಎಷ್ಟು? ಅಡಿಕೆ ಸುಲಿದ ಕೂಲಿ ಸುಲಿದವಳ ಕೈಗೋ, ಅವಳ ಗಂಡನ ಕೈಗೋ? ಕಾಫಿ ಲೋಟದಲ್ಲೋ ಗರಟೆಯಲ್ಲೋ? (ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂದಿತ್ತು.) ಮಗಳನ್ನು ಹಟ ಹಿಡಿದು ಓದಿಸಿದ ಅಜ್ಜಿಯೇ ಅಂಗಳದಲ್ಲಿ ಕೂತವಳಿಗೆ ಎತ್ತರದಿಂದ ನೀರು ಹೊಯ್ದಿರಬಹುದು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಅದು ದಾಖಲೆಯಲ್ಲ, ಸನ್ಮಾನಪತ್ರ. ನಿಮ್ಮ ಅಜ್ಜಿಯೇ ಕೂಲಿಗೆ ಹೋದವರಾದರೆ ಇದೇ ಪ್ರಶ್ನೆಯನ್ನು ಆ ಬದಿಯಿಂದ ಕೇಳಿ, ಉತ್ತರ ಇನ್ನೂ ಖಚಿತವಾಗಿರುತ್ತದೆ.

ಮಾತು ನಿಂತರೆ ಗಾದೆ ಹಾಕಿ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’, ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂದು ಹೇಳಿ, ಇದನ್ನು ನಿನಗೆ ಯಾರು ಹೇಳುತ್ತಿದ್ದರು, ಯಾವಾಗ ಎಂದು ಕೇಳಿ. ಒಪ್ಪುತ್ತೀಯಾ ಎಂದು ಕೇಳುವುದು ಬೇಡ. ‘ಅತ್ತೆಗೊಂದು ಕಾಲ ಸೊಸೆಗೊಂದು ಕಾಲ’ಕ್ಕೆ ಎರಡು ಭಾಗ: ನಿನ್ನ ಅತ್ತೆ ಹೇಗಿದ್ದರು, ನೀನು ಸೊಸೆಗೆ ಹೇಗಿದ್ದೆ. ಎರಡನೆಯದನ್ನು ಕೇಳುವಾಗ ಸೊಸೆ ಆ ಕೋಣೆಯಲ್ಲಿ ಇರಬಾರದು. ಹಾಡು ಬರುವವರಾದರೆ ಹಸೆಗೆ ಕರೆಯುವ ಹಾಡು, ಸೋಬಾನೆ, ಬೀಸುವ ಪದ ಹಾಡಿಸಿ. ಗಂಡನ ಮನೆಯ ದೂರು ಬಾಯಿಮಾತಿನಲ್ಲಿ ಬಾರದಿದ್ದರೂ ಹಾಡಿನಲ್ಲಿ ಬರುತ್ತದೆ. ಹಸೆ ಚಿತ್ತಾರ ಬರೆಯುವ ದೀವರ ಮನೆಯಾದರೆ ಬರೆಯುತ್ತಲೇ ಮಾತಾಡಲಿ, ಗೆರೆ ಎಳೆಯುವ ಕೈಯ ವಿಡಿಯೋ ಕೂಡ ಆಗುತ್ತದೆ.

ಉತ್ತರದ ನಂತರ ‘ಆಮೇಲೆ?’ ಎಂದು ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಮುಂದಿನ ಪ್ರಶ್ನೆಗೆ ಹಾರುವ ಆತುರದಲ್ಲಿ ಒಳ್ಳೆಯ ಮಾತು ಕೈತಪ್ಪುತ್ತದೆ. ‘ಅಯ್ಯೋ ಪಾಪ’ ಎನ್ನಬೇಡಿ, ವಾದ ಹೂಡಬೇಡಿ.

ವರ್ಷ ಹಿಡಿಯುವುದು

‘ಯಾವ ಇಸವಿ?’ ಎಂದರೆ ಅಜ್ಜಿಗೆ ಹೊಳೆಯುವುದಿಲ್ಲ. ಊರಿನ ಘಟನೆಗೆ ಕಟ್ಟಿ ಕೇಳಿ. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ 1951ರದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಶರಾವತಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗೆ ಎಲ್ಲ ನೆನಪೂ ಮುಳುಗಡೆಯ ಮುಂಚೆ, ಆಮೇಲೆ ಎಂದೇ ಇರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1. ಉಳುವವನೇ ಹೊಲದೊಡೆಯ ಎಂದು ಡಿಕ್ಲರೇಷನ್ ಹಾಕಿದ್ದು 1974ರ ನಂತರ (ಆ ಅರ್ಜಿ ಯಾರ ಹೆಸರಿನಲ್ಲಿ ಹೋಯಿತು ಎಂದೂ ಕೇಳಿ). ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತದ್ದು 1978. ಹೆಂಗಸರಿಗೆ ಮೀಸಲು ಸೀಟು ಇಟ್ಟ ಮಂಡಲ ಪಂಚಾಯಿತಿ ಚುನಾವಣೆ 1987ರಲ್ಲಿ ನಡೆಯಿತು, ಆಗ ಊರಿನಿಂದ ಯಾವ ಹೆಂಗಸು ಗೆದ್ದಳು, ಸಭೆಗೆ ಅವಳು ಹೋದಳೋ ಗಂಡ ಹೋದನೋ ಎಂದು ಕೇಳಿದರೆ ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ.

ಕಾನೂನಿನ ಇಸವಿಗಳು ಅಜ್ಜಿಯನ್ನು ಕೇಳಲಿಕ್ಕಲ್ಲ, ಬರೆಯುವಾಗ ಪಕ್ಕದಲ್ಲಿಟ್ಟು ನೋಡಲಿಕ್ಕೆ. ಹಳೆ ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ 1933ರಲ್ಲೇ ಬಂದಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಹೆಣ್ಣಿನ ವಯಸ್ಸನ್ನು 15ಕ್ಕೆ ಇಟ್ಟು, ಹೆಂಡತಿ ಇರುವಾಗ ಇನ್ನೊಂದು ಮದುವೆಯನ್ನು ತಡೆಯಿತು. ಆ ವಯಸ್ಸು 18 ಆದದ್ದು 1978ರ ತಿದ್ದುಪಡಿಯಿಂದ. ಉತ್ತರಾಧಿಕಾರ ಕಾಯ್ದೆ 1956, ವರದಕ್ಷಿಣೆ ನಿಷೇಧ 1961. ಪಿತ್ರಾರ್ಜಿತದಲ್ಲಿ ಹೆಣ್ಣುಮಗಳಿಗೆ ಗಂಡುಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಆ ಭೇದ ಹೋದದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ. ಅಜ್ಜಿ ಸಹಿ ಹಾಕಿದ್ದು ಇದರಲ್ಲಿ ಯಾವ ಗೆರೆಯ ಆಚೆಗೋ ಈಚೆಗೋ ಎಂದು ಟಿಪ್ಪಣಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಬರಹಕ್ಕೆ ಇಳಿಸುವುದು

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ವಾಯ್ಸ್ ಟೈಪಿಂಗ್ ಮಲೆನಾಡಿನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಡುತ್ತದೆ, ಹವ್ಯಕ ಕನ್ನಡವನ್ನಂತೂ ಗುರುತಿಸುವುದೇ ಇಲ್ಲ. ಅದನ್ನು ಕರಡಿಗೆ ಮಾತ್ರ ಬಳಸಿ, ಪ್ರತಿ ಸಾಲನ್ನೂ ಕಿವಿಗೊಟ್ಟು ತಿದ್ದಿ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ್ದು ಫೋನಿನಲ್ಲಿ ಚಿತ್ರವಿಚಿತ್ರವಾಗಿ ತೆರೆಯುತ್ತದೆ, ಹುಡುಕಲೂ ಆಗುವುದಿಲ್ಲ.

ಕೆಡುವುದು ಎಲ್ಲಿ ಎಂದು ಒಂದು ಮಾದರಿ ನೋಡಿ. ಮದುವೆಗೆ ಒಪ್ಪಿಗೆ ಕೇಳಿದ್ದರೇ ಎಂಬ ಪ್ರಶ್ನೆಗೆ ರೆಕಾರ್ಡಿಂಗ್‌ನಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ:

‘ನಮ್ಮನ್ನೆಂಥ ಕೇಳೂದು. ಅಪ್ಪಯ್ಯ ಬಂದು ಹೇಳಿದ್ರು, ನಾನು ಹೂಂ ಅಂದೆ. [4 ಸೆಕೆಂಡು ಸುಮ್ಮನೆ] ಹೂಂ ಅಂತ್ಲೂ ಅನ್ಲಿಲ್ಲ. ಅಕ್ಕಿ ಆರಿಸ್ತಿದ್ದೆ, ಆರಿಸ್ತಾನೇ ಇದ್ದೆ.’

ಇದನ್ನು ‘ನನ್ನ ಮದುವೆಗೆ ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ’ ಎಂದು ಬರೆದರೆ ವಿಷಯ ತಪ್ಪಲ್ಲ, ಆದರೆ ಅಜ್ಜಿ ಮಾಯ. ಮೊದಲು ಹೂಂ ಎಂದು ಹೇಳಿ, ತಡೆದು, ಅದನ್ನೂ ವಾಪಸು ತೆಗೆದುಕೊಂಡದ್ದು ಹೋಯಿತು. ಆದ್ದರಿಂದ ತಡೆ, ನಗು, ತಿದ್ದಿಕೊಂಡ ಮಾತು, ಎಲ್ಲವನ್ನೂ ಚೌಕ ಕಂಸದಲ್ಲಿ ಗುರುತು ಮಾಡಿ. ಐದೈದು ನಿಮಿಷಕ್ಕೊಮ್ಮೆ ಅಂಚಿನಲ್ಲಿ ಸಮಯ ಬರೆದಿಡಿ. ಕೆಲವು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ ಉತ್ತರ ಬೇರೆಯಾದರೆ ಎರಡನ್ನೂ ತಾರೀಖಿನೊಂದಿಗೆ ಇಟ್ಟುಕೊಳ್ಳಿ.

ಅಜ್ಜಿ ಈಗಿಲ್ಲದಿದ್ದರೆ

ಮಗಳು, ಸೊಸೆ, ಮತ್ತು ಆ ಮನೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬರು. ಈ ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಹಿರಿಯರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ‘ಒಳ್ಳೆಯವರಾಗಿದ್ದರು’ ಎಂಬುದನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ಅವರು ಹೇಳುತ್ತಿದ್ದ ಒಂದು ಮಾತು, ಯಾವ ಸಂದರ್ಭಕ್ಕೆ ಹೇಳಿದರು, ಅಲ್ಲಿ ಯಾರಿದ್ದರು ಎಂದು ಕೇಳಿ. ಪ್ರತಿ ಮಾತಿನ ಮುಂದೆ ಗುರುತು ಹಾಕಿ: ಇಬ್ಬರು ಹೇಳಿದ್ದು, ಒಬ್ಬರೇ ಹೇಳಿದ್ದು, ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಮೂರನೆಯ ಬಗೆಯದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ.

ಕಾಗದಪತ್ರಗಳೂ ಮಾತಾಡುತ್ತವೆ. ಪಹಣಿ, ವಿಭಾಗ ಪತ್ರ, ಶಾಲೆಯ ದಾಖಲಾತಿ, ಮದುವೆಯ ಲಗ್ನಪತ್ರಿಕೆ, ಹಳೆಯ ಕಾಗದದ ಕಟ್ಟು. ಮಲೆನಾಡಿನ ತೇವಕ್ಕೆ ಇವೆಲ್ಲ ಬೂಸ್ಟು ಹಿಡಿಯುತ್ತವೆ. ಬೂಸ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಫೋಟೋದ ಮೇಲ್ಪದರವೇ ಕಿತ್ತು ಬರುತ್ತದೆ. ಬಿಸಿಲು ನೇರ ಬೀಳದ, ಗಾಳಿಯಾಡುವ ಕಡೆ ಒಣಗಿಸಿ, ಮೃದುವಾದ ಒಣ ಬ್ರಷ್‌ನಲ್ಲಿ ಮನೆಯ ಹೊರಗೆ ಕೂತು ಝಾಡಿಸಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಟಿಪ್ಪಣಿಗಳನ್ನು ಪೆನ್ಸಿಲ್ ಅಥವಾ ಬಾಲ್‌ಪೆನ್ನಿನಲ್ಲಿ ಬರೆಯಿರಿ, ಕೆಲವು ಜೆಲ್ ಪೆನ್ನುಗಳ ಶಾಯಿ ತೇವಕ್ಕೆ ಹರಡುತ್ತದೆ.

ಒಪ್ಪಿಗೆ, ಮತ್ತು ಯಾವುದನ್ನು ಮುಚ್ಚಿಡಬೇಕು

ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಒಪ್ಪಿಗೆ ಕೇಳಿ. ಎರಡನೆಯದೇ ನಿಜವಾದ ಒಪ್ಪಿಗೆ, ಯಾಕೆಂದರೆ ಏನು ಹೇಳಿದ್ದೇನೆ ಎಂದು ಅಜ್ಜಿಗೆ ಗೊತ್ತಾಗಿರುವುದು ಆಗ. ನಿನಗೆ ಮಾತ್ರ, ಮನೆಯವರಿಗೆ, ಯಾರಾದರೂ ಕೇಳಬಹುದು ಎಂದು ಮೂರು ಪಾಲು ಮಾಡಿ, ಯಾವ ಭಾಗ ಯಾವುದಕ್ಕೆ ಎಂದು ಅವರಿಂದಲೇ ಹೇಳಿಸಿ. ಆಸ್ತಿಯ ಮಾತು, ಇನ್ನೊಬ್ಬ ಹೆಂಗಸಿನ ಮಾನಕ್ಕೆ ತಾಗುವ ಮಾತು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಅಳು ಬಂದರೆ ಮೊದಲು ಫೋನ್ ನಿಲ್ಲಿಸಿ. ಹೊಡೆತ-ಬಡಿತ ಹಿಂದಿನದಲ್ಲ, ಈಗಲೂ ನಡೆಯುತ್ತಿದೆ ಎಂದು ತಿಳಿದರೆ ದಾಖಲಾತಿ ಅಲ್ಲಿಗೆ ಬಿಟ್ಟು ಸಹಾಯಕ್ಕೆ ನಿಲ್ಲಿ: ಮಹಿಳಾ ಸಹಾಯವಾಣಿ 181, ಹಿರಿಯ ನಾಗರಿಕರದ್ದು 14567.

ಪುಸ್ತಿಕೆ ಮಾಡುವುದಾದರೆ

ಎ5 ಅಳತೆ, 16 ಪುಟ. ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ಇಲ್ಲದಿದ್ದರೆ ಮಡಿಚಿ ಪಿನ್ ಹೊಡೆಯುವಾಗ ಖಾಲಿ ಹಾಳೆ ಉಳಿಯುತ್ತದೆ. ಅಜ್ಜಿಯ ಓರಗೆಯವರೂ ಓದಬೇಕಾದ್ದರಿಂದ ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಮುನ್ನುಡಿ ಅರ್ಧ ಪುಟ ಮೀರದಿರಲಿ, ‘ತ್ಯಾಗಮಯಿ’, ‘ಸಹನಾಮೂರ್ತಿ’ ಎಂಬ ಪದಗಳನ್ನು ಅಲ್ಲಿಂದ ತೆಗೆದು ಹಾಕಿ. ಅಜ್ಜಿಯ ಮಾತು ಒಂದು ಬಗೆಯ ಅಕ್ಷರದಲ್ಲಿ, ನಿಮ್ಮ ಟಿಪ್ಪಣಿ ಇನ್ನೊಂದರಲ್ಲಿ ಇದ್ದರೆ ಯಾರ ಮಾತು ಯಾವುದು ಎಂಬ ಗೊಂದಲವಿರುವುದಿಲ್ಲ. ಅಚ್ಚಿಗೆ ಕಳಿಸುವ ಮುಂಚೆ ಇಡೀ ಕರಡನ್ನು ಅಜ್ಜಿಗೆ ಓದಿ ಹೇಳಿ, ತೆಗೆ ಎಂದದ್ದನ್ನು ತೆಗೆಯಿರಿ. ವರ್ಷಾಂತಿಕಕ್ಕೋ ಮದುವೆ ಮನೆಗೋ ಹಂಚುವುದಾದರೆ ಮೊದಲ ಪ್ರತಿಗಳು ಮಾತು ಕೊಟ್ಟವರಿಗೆ ಹೋಗಲಿ, ಕೆಲಸಕ್ಕೆ ಬರುತ್ತಿದ್ದವರ ಮನೆಗೂ ನೀವೇ ಹೋಗಿ ಕೊಡಿ. ಓದಲು ಬಾರದವರಾದರೆ ಅವರು ಹೇಳಿದ ಪುಟವನ್ನು ಅಲ್ಲೇ ಕೂತು ಓದಿ ಹೇಳಿ, ತಪ್ಪಿದ್ದರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬನ್ನಿ.